ನಾನೂರ ಹದಿನೇಳು ಚುಕ್ಕೆಗಳು

ನಕ್ಷೆ ಅಕ್ಕ ದಿನವೂ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಚಹಾ ಕುಡಿಯುವ ಮೊದಲು ಒಂದು ಚುಕ್ಕೆ ಇಡುತ್ತಾರೆ. ಗೋಡೆಯ ಕ್ಯಾಲೆಂಡರಿನಿಂದ ಹಿಂದಿನ ದಿನದ ಹಾಳೆ ಹರಿದು, ಅದನ್ನು ಬೋರಲು ಹಾಕಿ, ಇರುವುದರಲ್ಲೇ ಸಣ್ಣ ನಿಬ್ಬನ್ನು ಕಪ್ಪು ಮಸಿಯಲ್ಲಿ ಅದ್ದಿ, ಉಸಿರು ಹಿಡಿದು ಒಂದೇ ಒಂದು ಚುಕ್ಕೆ. ಸಾಸಿವೆಗಿಂತ ಚಿಕ್ಕದು. ಭೂತಗನ್ನಡಿ ಹಿಡಿದು ನೋಡುತ್ತಾರೆ. ಗುಂಡಗಿದ್ದರೆ ನಿಬ್ಬು ತೊಳೆದು, ಒರೆಸಿ, ಡಬ್ಬಿಗೆ ಹಾಕಿ ಚಹಾಕ್ಕೆ ಇಳಿಯುತ್ತಾರೆ. ಅಂಚು ಅಲುಗಿದ್ದರೆ ಇನ್ನೊಂದು ಇಡುವುದಿಲ್ಲ. ಇವತ್ತಿನ ಕೈ ಇಷ್ಟೇ ಎಂದು ಒಪ್ಪಿಕೊಂಡು ಏಳುತ್ತಾರೆ. ಜ್ವರ ಬಂದಾಗಲೂ, ತಂಗಿಯ ಮಗಳ ಮದುವೆಯ ಬೆಳಿಗ್ಗೆಯೂ ಇದು ತಪ್ಪಿಲ್ಲ. ಆ ಕೈಗೆ ಈಗ ಅರವತ್ತೇಳು ವರ್ಷ. ಚುಕ್ಕೆ ಇಡುವ ಕೆಲಸವನ್ನು ಅದಕ್ಕೆ ಯಾರೂ ಕೊಡದೆ ಹದಿನೆಂಟು ವರ್ಷವಾಯಿತು.

ಅವರಿರುವುದು ತಂಗಿಯ ಮನೆಯ ಮಹಡಿಯ ಕೋಣೆಯಲ್ಲಿ. ತಂಗಿ ಕೆಳಗೆ ಬಟ್ಟೆ ಹೊಲಿಯುತ್ತಾಳೆ. ತಂಗಿಯ ಗಂಡ ಬಸ್ಸು ಓಡಿಸಿ ನಿವೃತ್ತರಾದವರು. "ನಮ್ಮಕ್ಕ ಇಲ್ಲದ ಊರಿಗೆ ದಾರಿ ತೋರಿಸ್ತಾ ತೋರಿಸ್ತಾನೇ ಮುದುಕಿ ಆದಳು" ಎಂದು ತಂಗಿ, ಅಳತೆ ಕೊಡಲು ಬಂದವರ ಮುಂದೆ ಹೇಳುವುದುಂಟು. ಅಕ್ಕ ನಗುತ್ತಾರೆ. ಮಾತು ಸುಳ್ಳಲ್ಲ.

ಇಪ್ಪತ್ತಮೂರನೇ ವಯಸ್ಸಿನಲ್ಲಿ ಅವರು ಭೂಮಾಪನ ಕಚೇರಿಯಲ್ಲಿ ನಕಲು ನಕ್ಷೆ ತೆಗೆಯುತ್ತಿದ್ದರು. ಯಾರದೋ ಸೈಟು, ಯಾರದೋ ಚರಂಡಿ. ಹಿಂದಿನ ರಸ್ತೆಯಲ್ಲಿ ಒಂದು ಸಣ್ಣ ಪ್ರಕಾಶನವಿತ್ತು. ಅದರ ಯಜಮಾನರು ಶಾಲೆಯ ಗೈಡುಗಳನ್ನು ಅಚ್ಚು ಹಾಕಿ ಬದುಕುತ್ತಿದ್ದವರು. ಅವರಿಗೆ ಅದೇ ಹೊತ್ತಿಗೆ ಒಂದು ಹೊಸ ಬಗೆಯ ಆಟದ ಹುಚ್ಚು ಹಿಡಿದಿತ್ತು.

ಆ ಆಟಕ್ಕೆ ಮಣೆ ಬೇಡ, ಕಾಯಿ ಬೇಡ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗುತ್ತಾರೆ: ಒಬ್ಬಳು ಕಳ್ಳಿ, ಒಬ್ಬ ಮಂತ್ರಗಾರ, ಒಬ್ಬ ಅಂಬಿಗ. ಇನ್ನೊಬ್ಬರು ಕಥೆ ನಡೆಸುತ್ತಾರೆ. ಎದುರಿಗೆ ಹೊಳೆ ಇದೆ, ಏನು ಮಾಡುತ್ತೀರಿ ಎಂದು ಅವರು ಕೇಳಿದರೆ ಉಳಿದವರು ಹೇಳಬೇಕು. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಒಂದೇ ಕಥೆ ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಕಥೆ ನಡೆಯುವುದಕ್ಕೆ ಒಂದು ನಾಡು ಬೇಕಲ್ಲ, ಅದನ್ನು ಪ್ರಕಾಶಕರು ಪುಸ್ತಕ ಮಾಡಿ ಕೊಡುತ್ತಾರೆ. ಯಜಮಾನರ ಗೆಳೆಯರಾದ ಒಬ್ಬ ಲೆಕ್ಕದ ಮೇಷ್ಟ್ರು ಅಂಥದೊಂದು ನಾಡನ್ನು ಬರೆದಿದ್ದರು. ಹೆಸರು ಆರುಕೋಟೆ. ಅದರ ನಕ್ಷೆ ಬರೆಯಲು ಕೈ ಹುಡುಕುತ್ತ ಯಜಮಾನರು ಭೂಮಾಪನ ಕಚೇರಿಯ ಮೆಟ್ಟಿಲು ಹತ್ತಿದರು.

ಮಂಚದಷ್ಟು ಅಗಲದ ಹಾಳೆಯ ಮೇಲೆ ಅಕ್ಕ ನಾಲ್ಕು ತಿಂಗಳು ಬಗ್ಗಿ ಕೂತರು. ಬೆಟ್ಟದ ಒಂದೊಂದು ಗೆರೆಯೂ ನೀರು ಇಳಿಯುವ ಕಡೆಗೇ ಇಳಿದಿದೆ; ಸುಮ್ಮನೆ ಚೆಂದಕ್ಕೆ ಎಳೆದದ್ದು ಒಂದೂ ಇಲ್ಲ. ಪುಸ್ತಕ ಯಾರೂ ನಿರೀಕ್ಷಿಸದಷ್ಟು ಓಡಿತು. ಅಕ್ಕ ಸರ್ಕಾರಿ ಕೆಲಸ ಬಿಟ್ಟು ಪ್ರಕಾಶನಕ್ಕೆ ಬಂದರು. ತಂಗಿ ಆಗ ಮೂರು ದಿನ ಮಾತು ಬಿಟ್ಟಿದ್ದಳು.

ಎರಡನೇ ವರ್ಷ ಒಂದು ಕಾಗದ ಬಂತು. ಹಾಸ್ಟೆಲಿನಲ್ಲಿ ಓದುವ ಐದು ಹುಡುಗಿಯರು ಬರೆದದ್ದು. ಅವರಲ್ಲೊಬ್ಬಳ ಪಾತ್ರ, ಒಂದು ಕೈ ಇಲ್ಲದ ಹಾಡುಗಾತಿ, ಹೊಳೆ ದಾಟುವಾಗ ಸತ್ತಿತ್ತು. ದಾಳ ಹಾಗೆ ಬಿದ್ದಿತ್ತು. ಐವರೂ ಅತ್ತು, ಊಟ ಬಿಟ್ಟು, ಕೊನೆಗೆ ನಕ್ಷೆ ಬರೆದವರಿಗೆ ಕಾಗದ ಹಾಕಿದ್ದರು. "ಅವಳನ್ನು ಎಲ್ಲಿ ಮಣ್ಣು ಮಾಡಬೇಕು, ಹೇಳಿ ಅಕ್ಕಾ" ಎಂದಿತ್ತು. ಕಚೇರಿಯಲ್ಲಿ ಅದನ್ನು ಓದಿ ಎಲ್ಲರೂ ನಕ್ಕರು. ಅಕ್ಕನಿಗೆ ನಗು ಬರಲಿಲ್ಲ. ಸತ್ತವರನ್ನು ಎಲ್ಲಿಡಬೇಕೆಂದು ಕೇಳಿದವರಿಗೆ ಉತ್ತರ ಕೊಡದಿರುವುದು ತಪ್ಪೆಂದು ಅವರಿಗನಿಸಿತು, ಸತ್ತವರು ಕಥೆಯವರೇ ಆಗಿದ್ದರೂ. ಮೂಲ ನಕ್ಷೆ ಬಿಚ್ಚಿ, ಹೊಳೆಯ ಎಡದಂಡೆಯಲ್ಲಿ, ಪ್ರವಾಹ ಬಂದರೂ ನೀರು ಮುಟ್ಟದ ಎತ್ತರ ನೋಡಿ ಒಂದು ಚುಕ್ಕೆ ಇಟ್ಟರು. ಒಂದು ಕಾರ್ಡಿನಲ್ಲಿ ಆ ಜಾಗವನ್ನು ಬರೆದು ಹುಡುಗಿಯರಿಗೆ ಹಾಕಿದರು. ಅದನ್ನೇ ಬರೆದ ಇನ್ನೊಂದು ಕಾರ್ಡನ್ನು ತಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು. ಮುಂದಿನ ಮುದ್ರಣದಲ್ಲಿ ಚುಕ್ಕೆ ಅಚ್ಚಾಗಿ ಬಂತು.

ಮಾತು ಹೇಗೋ ಹರಡಿತು. ಕಾಗದಗಳು ಬರುತ್ತಲೇ ಹೋದವು. ಪ್ರತಿ ಮುದ್ರಣಕ್ಕೂ ಇಪ್ಪತ್ತು, ಮೂವತ್ತು ಚುಕ್ಕೆ. ಹನ್ನೊಂದು ವರ್ಷದ ಒಬ್ಬಳು ತನ್ನ ಪಾತ್ರದ ಅಳಿಲಿಗೂ ಜಾಗ ಕೇಳಿದ್ದಳು; ಅದಕ್ಕೂ ಒಂದು ಮರದ ಬುಡ ಸಿಕ್ಕಿತು. ಆಟದಲ್ಲಿ ಸತ್ತವರು ನಕ್ಷೆಯಲ್ಲೂ ಸತ್ತೇ ಇರಬೇಕು, ಮತ್ತೆ ಎಬ್ಬಿಸಿ ತರುವಂತಿಲ್ಲ ಎಂಬ ಒಂದೇ ನಿಯಮವನ್ನು ಅಕ್ಕ ಇಟ್ಟಿದ್ದರು. ಈ ಚುಕ್ಕೆಗಳ ಅರ್ಥವನ್ನು ನಕ್ಷೆಯ ಮೂಲೆಯ ಚಿಹ್ನೆಗಳ ಪಟ್ಟಿಯಲ್ಲಿ ಹಾಕೋಣವೇ ಎಂದು ಯಜಮಾನರು ಕೇಳಿದಾಗ ಬೇಡವೆಂದರು. ಹಾಕಿದರೆ ಚುಕ್ಕೆಯ ಆಸೆಗೇ ಪಾತ್ರಗಳನ್ನು ಕೊಲ್ಲುವವರು ಹುಟ್ಟಿಕೊಳ್ಳುತ್ತಾರೆ. ಗೊತ್ತಿರಬೇಕಾದವರಿಗೆ ಗೊತ್ತಿದ್ದರೆ ಸಾಕು. ಯಜಮಾನರು ಒಪ್ಪಿದರು. ಹೀಗೆ ಆ ನಾಡಿನ ನಾನೂರ ಹದಿನೇಳು ಗೋರಿಗಳ ವಿಷಯ ಎಲ್ಲಿಯೂ ಅಚ್ಚಾಗಲಿಲ್ಲ.

ಯಜಮಾನರ ಮಗಳು ಆಗ ಏಳೆಂಟು ವರ್ಷದವಳು. ಶಾಲೆ ಬಿಟ್ಟು ಬಂದು ಅಕ್ಕನ ಮೇಜಿನ ಕೆಳಗೆ ಕೂತು ಪೆನ್ಸಿಲ್ಲಿನ ಸಿಪ್ಪೆ ಆಯುತ್ತಿದ್ದಳು. ಒಮ್ಮೆ ಮೇಲೆದ್ದು, ಒಂದು ಚುಕ್ಕೆಯ ಮೇಲೆ ಬೆರಳಿಟ್ಟು ಇದೇನು ಅಂದಳು. ಅಕ್ಕ ಹೇಳಿದರು. ಹುಡುಗಿ ಬೆರಳನ್ನು ಮೆಲ್ಲಗೆ ಎತ್ತಿ, "ತುಳಿಬಾರ್ದಲ್ವಾ?" ಎಂದು ಕೇಳಿದಳು. ಆ ಮಾತನ್ನು ಅಕ್ಕ ಇಷ್ಟು ವರ್ಷವಾದರೂ ಮರೆಯಲಿಲ್ಲ. ಅವರ ತಪ್ಪು ಅಲ್ಲಿಯೇ ಶುರುವಾಯಿತು. ತಾವು ಮರೆಯದ್ದನ್ನು ಅವಳೂ ಮರೆತಿರಲಾರಳು ಎಂದುಕೊಂಡರು.

ಕಾಲ ಬದಲಾಯಿತು. ಕಂಪ್ಯೂಟರಿನಲ್ಲಿ ಆಡುವ ಆಟಗಳು ಬಂದವು, ಮೇಜಿನ ಸುತ್ತ ಕೂರುವವರು ಕಡಿಮೆಯಾದರು. ಯಜಮಾನರು ಆರುಕೋಟೆಯನ್ನು ನಿಲ್ಲಿಸಿದರು. ಅಕ್ಕ ಮೂಲ ನಕ್ಷೆಯನ್ನೂ ಕಾರ್ಡುಗಳ ಖಾನೆಯನ್ನೂ ಮನೆಗೆ ತಂದುಕೊಂಡರು. ಆಮೇಲೆ ಒಬ್ಬ ಎಂಜಿನಿಯರನ ಬಳಿ ಕಾರು ನಿಲ್ಲಿಸುವ ಜಾಗಗಳ ನಕ್ಷೆ ಬರೆದು ಕೊನೆಯ ವರ್ಷಗಳನ್ನು ಕಳೆದರು.

ಕಳೆದ ವರ್ಷ ಯಜಮಾನರ ಮಗಳೇ ಮಹಡಿ ಹತ್ತಿ ಬಂದಳು. ಯಜಮಾನರು ತೀರಿಕೊಂಡ ಮೇಲೆ ಪ್ರಕಾಶನ ಅವಳದೇ. ಕಚೇರಿಯವರೆಲ್ಲ ಮೇಡಂ ಅನ್ನುತ್ತಾರೆ. ಅಕ್ಕ ಮಾತ್ರ ಆಗಲೂ ಪುಟ್ಟಿ ಅನ್ನುತ್ತಿದ್ದರು. ಹಾಗೆ ಕರೆಯುವವರು ಇನ್ನೊಬ್ಬರು ಉಳಿದಿಲ್ಲ ಎಂದು ಅವಳೂ ಹೇಳುತ್ತಿದ್ದಳು. ಆರುಕೋಟೆಯನ್ನು ಮತ್ತೆ ತರುತ್ತೇನೆ ಎಂದಳು. ಈಗಿನ ಹುಡುಗರು ಫೋನಿನಿಂದ ಬೇಸತ್ತು ಮತ್ತೆ ಮೇಜಿಗೆ ಬಂದಿದ್ದಾರೆ, ಜೆರಾಕ್ಸಿನ ಜೆರಾಕ್ಸು ಮಾಡಿಕೊಂಡು ಆಡುತ್ತಿದ್ದಾರೆ, ಹಳೆಯ ಪ್ರತಿಗಳಿಗೆ ಬಾಯಿಗೆ ಬಂದ ಬೆಲೆ ಹೇಳುತ್ತಿದ್ದಾರೆ.

ಅವಳು ಹೋದ ಮೇಲೆ ಮನೆಯಲ್ಲಿ ಇದೇ ಚರ್ಚೆ. ಮುಗಿದದ್ದನ್ನು ಮುಗಿಯಲು ಬಿಡಬೇಕು ಎಂದು ತಂಗಿಯ ವಾದ. ಹಳೆ ಬಟ್ಟೆ ಬಿಚ್ಚಿ ಹೊಸ ಅಳತೆಗೆ ಹೊಲಿದರೆ ಹಳೆಯ ಹೊಲಿಗೆಯ ತೂತು ಕಾಣದೆ ಇರುವುದಿಲ್ಲ ಎಂದಳು. ಅವಳ ಗಂಡ ಬೇರೆ ಹೇಳಿದರು. "ಹಳೇ ರೂಟಿಗೆ ಹೊಸ ಬಸ್ ಬಿಟ್ರೆ ಜನ ಹತ್ತೇ ಹತ್ತುತ್ತಾರೆ ಅತ್ತಿಗೆ. ಆದ್ರೆ ಸ್ಟಾಪ್ ಎಲ್ಲೆಲ್ಲಿ ಅಂತ ಹಳೇ ಡ್ರೈವರನ್ನ ಒಂದು ಮಾತು ಕೇಳ್ಬೇಕು."

ಅಕ್ಕನಿಗೆ ಖುಷಿಯೇ ಆಗಿತ್ತು. ಮುಚ್ಚಿಟ್ಟರೆ ನಾಡು ಉಳಿಯುವುದಿಲ್ಲ, ಗೆದ್ದಲು ತಿನ್ನುತ್ತದೆ; ಹೊಸಬರು ನಡೆದಾಡಿದರೆ ಹಳಬರಿಗೂ ಸದ್ದು ಕೇಳುತ್ತದೆ ಎಂಬುದು ಅವರ ಯೋಚನೆ. ಮೂಲ ನಕ್ಷೆಯನ್ನು ಸುರುಳಿ ಸುತ್ತಿಕೊಂಡು, ಕಾರ್ಡುಗಳ ಖಾನೆಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಪ್ರಕಾಶನಕ್ಕೆ ಹೋದರು. ಅಲ್ಲಿ ಪುಸ್ತಕದ ವಿನ್ಯಾಸ ಮಾಡುವ, ದಪ್ಪ ಕನ್ನಡಕದ ಒಬ್ಬ ಹೆಂಗಸು ನಕ್ಷೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಾನು ಇದರ ಜೆರಾಕ್ಸಿನ ಮೇಲೆ ಆಡಿ ಬೆಳೆದವಳು ಎಂದಳು. ಖಾನೆ ಮಾತ್ರ ಸದ್ಯಕ್ಕೆ ಬೇಡವಾಗಿತ್ತು. ಅಚ್ಚಿನ ದಿನ ನಿಗದಿಯಾಗಿಹೋಗಿದೆ, ಕಾಗದ ಪತ್ರ ನೋಡುತ್ತ ಕೂರಲು ಸಮಯವಿಲ್ಲ, ಆಮೇಲೆ ಹೇಳಿ ಕಳಿಸುತ್ತೇವೆ ಎಂದಳು. ಅಕ್ಕ ಪುಟ್ಟಿಯ ಮುಖ ನೋಡಿದರು. ಅವಳು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತ ಹೂಂ ಎಂದು ತಲೆಯಾಡಿಸಿದಳು. ಅವಳಿಗೆ ಗೊತ್ತಿದೆಯಲ್ಲ ಎಂದುಕೊಂಡು ಅಕ್ಕ ಖಾನೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸಾದರು.

ಹೇಳಿ ಕಳಿಸಲಿಲ್ಲ. ಪುಸ್ತಕ ಬಂತೆಂದೂ ತಿಳಿಸಲಿಲ್ಲ. ಅದನ್ನು ಅವರಿಗೆ ತಂದು ತೋರಿಸಿದ್ದು ಒಬ್ಬ ನರ್ಸ್.

ಈ ನರ್ಸ್ ಆಟ ಆಡಿದವಳಲ್ಲ. ಆಡುತ್ತಿದ್ದವನು ಅವಳ ತಮ್ಮ. ಅವನ ಪಾತ್ರ ಒಬ್ಬ ಮುದಿ ಅಂಬಿಗ. ದುಡ್ಡು ಕೇಳದೆ ಹೊಳೆ ದಾಟಿಸುವವನು, ದಾಟಿಸುವಷ್ಟು ಹೊತ್ತೂ ಬೈಯುವವನು. ತಮ್ಮ ಇಪ್ಪತ್ತೆರಡಕ್ಕೆ ಸರಕಿನ ಹಡಗಿನಲ್ಲಿ ಕೆಲಸಕ್ಕೆ ಹೋದ. ಹಡಗು ಮುಳುಗಿತು, ಮೈ ಸಿಗಲಿಲ್ಲ. ಅವನ ಮೇಜಿನ ಗೆಳೆಯರು ಒಂದು ಭಾನುವಾರ ಕೂತು, ಅಂದು ದಾಳ ಹಾಕದೆ, ಅಂಬಿಗನನ್ನು ಅವನ ಕಡವಿನಲ್ಲಿಯೇ ಸಾಯಿಸಿದರು. ಅಕ್ಕನಿಗೆ ಕಾಗದ ಬರೆದರು. ಐದನೇ ಕೋಟೆಯ ಕೆಳಗೆ, ದೋಣಿ ಕಟ್ಟುವ ಕಲ್ಲಿನ ಪಕ್ಕ ಚುಕ್ಕೆ ಬಿತ್ತು. ಗೆಳೆಯರು ಆ ಕಾರ್ಡನ್ನು ಅವನ ಅಕ್ಕನಿಗೇ ಕೊಟ್ಟರು. ಅವಳು ನಕ್ಷೆಯನ್ನು ಕೊಂಡು ಚೌಕಟ್ಟು ಹಾಕಿಸಿ ಹಾಸಿಗೆಯ ಎದುರು ತೂಗುಹಾಕಿದಳು. ತಮ್ಮನಿಗೆ ಅಂತ ಕೈ ಮುಗಿಯಲು ಅವಳಿಗೆ ಭೂಮಿಯ ಮೇಲೆ ಬೇರೆ ಜಾಗವಿರಲಿಲ್ಲ. ವರ್ಷಕ್ಕೊಮ್ಮೆ ನಕ್ಷೆ ಅಕ್ಕನಿಗೆ ಕಾಗದ ಬರೆಯುತ್ತಿದ್ದಳು. ಆರೋಗ್ಯ ಹೇಗಿದೆ, ಕಣ್ಣು ಹೇಗಿದೆ, ಅಷ್ಟೇ.

ಅವಳು ಆ ದಿನ ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದಳು. ನೀರು ಕುಡಿದು, ಚೀಲದಿಂದ ಪುಸ್ತಕ ತೆಗೆದಳು. ದಪ್ಪ ರಟ್ಟು, ಬಣ್ಣದ ನಕ್ಷೆ. ಮೂಲೆಯ ಚಿಹ್ನೆಗಳ ಪಟ್ಟಿಯಲ್ಲಿ ಹೊಸದೊಂದು ಸಾಲಿತ್ತು: ಕಪ್ಪು ಚುಕ್ಕೆ, ಹೂತಿಟ್ಟ ನಿಧಿ. ಒಂದೊಂದು ಚುಕ್ಕೆಗೂ ಒಂದೊಂದು ಸಂಖ್ಯೆ. ಹಿಂದಿನ ಪುಟಗಳಲ್ಲಿ ಅಗೆದರೆ ಏನು ಸಿಗುತ್ತದೆಂಬ ಉದ್ದನೆಯ ವಿವರ.

ಅವಳ ವಾರ್ಡಿನಲ್ಲಿ ಕಾಲು ಮುರಿದುಕೊಂಡ ಒಬ್ಬ ವಿದ್ಯಾರ್ಥಿ ಮಲಗಿದ್ದ. ಮಧ್ಯಾಹ್ನ ಗೆಳೆಯರು ಬಂದು ಅವನ ಮಂಚದ ಸುತ್ತ ಕೂತು ಆಡುತ್ತಿದ್ದರು. ಇವಳು ಕಾಲಿನ ಪಟ್ಟಿ ಬದಲಿಸುತ್ತಿದ್ದಾಗ ಅವರಲ್ಲೊಬ್ಬ, ಐದನೇ ಕೋಟೆಯ ಕೆಳಗೆ ದೋಣಿ ಕಲ್ಲಿನ ಪಕ್ಕ ಅಗೆಯುತ್ತೇನೆ ಎಂದು ದಾಳ ಹಾಕಿದ. ದಾಳ ಒಳ್ಳೆಯದೇ ಬಿತ್ತು. ಕಥೆ ನಡೆಸುವವನು ಪುಸ್ತಕ ನೋಡಿ ಓದಿದ. ಇನ್ನೂರ ಅರವತ್ತಾರು: ತಾಮ್ರದ ಪೆಟ್ಟಿಗೆ, ಅದರಲ್ಲೊಂದು ಬೆಳ್ಳಿಯ ಸೊಂಟಪಟ್ಟಿ, ಮೂಳೆಗಳು ಅಡ್ಡ ಬಂದರೆ ಬದಿಗೆ ಸರಿಸಿ. ಹುಡುಗರು ಚಪ್ಪಾಳೆ ತಟ್ಟಿದರು.

"ಆ ಮಕ್ಕಳದೇನೂ ತಪ್ಪಿಲ್ಲ ಅಕ್ಕ" ಎಂದಳು ನರ್ಸ್. "ನಗ್ತಾ ಇದ್ರು. ನಮ್ಮವನೂ ಹಂಗೇ ನಗೋನು. ನಾನು ಪಟ್ಟಿ ಕಟ್ಟಿ ಮುಗಿಸಿ ಹೊರಗೆ ಬಂದೆ."

ಅಕ್ಕ ಸಂಖ್ಯೆಗಳ ಮೇಲೆ ಬೆರಳಿಟ್ಟು ನೋಡುತ್ತ ಹೋದರು. ಒಂದು ಕೈಯ ಹಾಡುಗಾತಿಯ ಜಾಗದಲ್ಲಿ ಮುತ್ತಿನ ಸರ. ಅಳಿಲಿನ ಮರದ ಬುಡದಲ್ಲಿ ವಿಷದ ಸೀಸೆ.

"ಅದೊಂದನ್ನ ಅಳಿಸೋಕೆ ಹೇಳ್ತೀರಾ?" ಎಂದು ನರ್ಸ್ ಕೇಳಿದಳು. "ಬೇರೇನೂ ಬೇಡ ನಂಗೆ. ಅದೊಂದು."

ಕೇಳಿ ನೋಡುತ್ತೇನೆ ಎಂದರು ಅಕ್ಕ. ನಾಳೆ ನಾಲ್ಕಕ್ಕೆ ಡ್ಯೂಟಿ ಮುಗಿಯುತ್ತದೆ, ಆಸ್ಪತ್ರೆಯ ಗೇಟಿನ ಹತ್ತಿರ ಸಿಗುತ್ತೇನೆ ಎಂದು ಹೇಳಿ ಅವಳು ಹೊರಟಳು. ತಂಗಿ ಎಲ್ಲವನ್ನೂ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಳು. ಬಂದು ನೀರಿನ ಲೋಟ ತೆಗೆದುಕೊಂಡು ಕೆಳಗಿಳಿದಳು.

ಮರುದಿನ ಬೆಳಗಿನ ಚುಕ್ಕೆ ಗುಂಡಗೆ ಬಂತು. ಅಕ್ಕ ಖಾನೆಯನ್ನು ಮತ್ತೆ ಟವೆಲಿನಲ್ಲಿ ಕಟ್ಟಿದರು.

ಪ್ರಕಾಶನದಲ್ಲಿ ಹೊಸ ಗಾಜಿನ ಕೋಣೆ ಆಗಿತ್ತು. ಅಕ್ಕ ನಕ್ಷೆ ಬರೆಯುತ್ತಿದ್ದ ಹಳೆಯ ಮೇಜಿನ ಮೇಲೆ ಹೂಕುಂಡ ಇಟ್ಟಿದ್ದರು. ಪುಟ್ಟಿ ಎದ್ದು ಬಂದು ಕೈ ಹಿಡಿದು ಕೂರಿಸಿದಳು. ಪ್ರತಿ ಕಳಿಸಲು ಮರೆತೇ ಹೋಯಿತು ಎಂದು ನಾಲಿಗೆ ಕಚ್ಚಿಕೊಂಡು ಎರಡು ಪ್ರತಿಗಳನ್ನು ಮುಂದಿಟ್ಟಳು. ಅಕ್ಕ ಅವನ್ನು ತೆರೆಯದೆ ಖಾನೆಯ ಗಂಟು ಬಿಚ್ಚಿದರು. ಚುಕ್ಕೆಗಳು ಏನೆಂದು ನಿಧಾನವಾಗಿ ಹೇಳಿದರು. ಕನ್ನಡಕದ ಹೆಂಗಸನ್ನೂ ಕರೆಸಿದರು. ಅವಳು ನಿಂತುಕೊಂಡೇ ಕಾರ್ಡುಗಳನ್ನು ಓದತೊಡಗಿದಳು. ಐದಾರು ಓದುವಷ್ಟರಲ್ಲಿ ಕುರ್ಚಿ ಎಳೆದುಕೊಂಡು ಕೂತಳು.

ಬೇರೆ ಆಟಗಳಲ್ಲೆಲ್ಲ ಕಪ್ಪು ಚುಕ್ಕೆ ಎಂದರೆ ಗುಪ್ತ ಜಾಗ. ಇದರ ಅರ್ಥ ಪಟ್ಟಿಯಲ್ಲಿ ಇರಲಿಲ್ಲ. ಚಿಕ್ಕಂದಿನಲ್ಲಿ ತಾವು ಜೆರಾಕ್ಸಿನಲ್ಲಿ ಆಡುವಾಗಲೂ ಅಲ್ಲೆಲ್ಲ ಏನೋ ಹೂತಿದೆ ಅಂದುಕೊಂಡೇ ಆಡಿದ್ದು ಎಂದು ಅವಳು ಹೇಳಿದಳು. ಎಲ್ಲೆಲ್ಲಿ ಏನು ಸಿಗುತ್ತದೆಂಬುದನ್ನು ದಾಳ ಹಾಕಿ ತುಂಬಿದ್ದಳಂತೆ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನೀವು ಹೇಳ್ಬೇಕಿತ್ತು ಅಕ್ಕ" ಎಂದಳು ಪುಟ್ಟಿ.

"ಹೌದು, ಹೇಳ್ಬೇಕಿತ್ತು. ನಿಂಗೆ ನೆನಪಿರುತ್ತೆ ಅಂದ್ಕೊಂಡೆ."

"ನಂಗಾ?"

ತುಳಿಯಬಾರದಲ್ಲವೇ ಎಂದು ಕೇಳಿದ್ದನ್ನು ಅಕ್ಕ ನೆನಪಿಸಿದರು. ಅವಳು ಸ್ವಲ್ಪ ಹೊತ್ತು ಹುಡುಕುವವಳಂತೆ ಕಣ್ಣು ಕಿರಿದು ಮಾಡಿದಳು. ಪೆನ್ಸಿಲ್ ಸಿಪ್ಪೆ ನೆನಪಿದೆ, ಇದು ಇಲ್ಲ ಎಂದಳು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಹೇಳಲಿಲ್ಲ. ಅಷ್ಟರ ಮಟ್ಟಿಗೆ ಅವಳು ಯಜಮಾನರ ಮಗಳೇ.

ಮುಂದಿನ ಮುದ್ರಣದಲ್ಲಿ ನಿಧಿಗಳನ್ನು ತೆಗೆದುಬಿಡು ಎಂದು ಅಕ್ಕ ಕೇಳಿದರು. ಅದು ಆಗುವುದಿಲ್ಲ ಎಂದಳು ಪುಟ್ಟಿ. ಹೊಸಬರಿಗೆ ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದೇ ಅಗೆಯುವುದು. ಅದರ ಮೇಲೆಯೇ ಎರಡನೇ ಪುಸ್ತಕ ಸಿದ್ಧವಾಗಿದೆ, ರಕ್ಷಾಪುಟವೂ ಆಗಿದೆ: ಸಲಿಕೆ ಹಿಡಿದ ಒಬ್ಬ ವೀರ. ಹಳಬರ ಒಲವಿನಿಂದ ಮನೆ ನಡೆಯುವುದಿಲ್ಲ, ಹೊಸಬರು ಬಾರದಿದ್ದರೆ ಆರುಕೋಟೆ ಮತ್ತೆ ನಿಮ್ಮ ಅಟ್ಟಕ್ಕೇ ಹೋಗುತ್ತದೆ, ಅದು ನಿಮಗೆ ಬೇಕೇ ಎಂದು ಕೇಳಿದಳು. ಕೇಳಿದ್ದು ಸಿಟ್ಟಿನಿಂದಲ್ಲ. ಅಕ್ಕನಿಗೂ ಅದು ಬೇಕಿರಲಿಲ್ಲ. ಅವರು ಆಗ ಅಂಬಿಗನ ಕಾರ್ಡು ಹೊರಗೆ ತೆಗೆದು, ನರ್ಸಿನ ವಿಷಯ ಹೇಳಿದರು. ಹಡಗಿನ ಮಾತು ಬಂದಾಗ ಕನ್ನಡಕದ ಹೆಂಗಸು ಎದ್ದು ಹೊರಗೆ ಹೋದಳು.

ಪುಟ್ಟಿ ಕಾರ್ಡನ್ನು ಎರಡು ಸಲ ಓದಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ನಿಜ. ಮೂಗು ಒರೆಸಿಕೊಂಡು, ಪೆನ್ನು ತೆಗೆದು, ಹೊಸ ಪುಸ್ತಕದ ಪುಟ ತಿರುವಿ, ಇನ್ನೂರ ಅರವತ್ತಾರರ ಸಾಲನ್ನು ತಾನೇ ಹೊಡೆದು ಹಾಕಿದಳು.

"ಬರೋ ವಾರ ಎರಡನೇ ಮುದ್ರಣ ಹೋಗ್ತಾ ಇದೆ. ನಿಮಗೋಸ್ಕರ ಇದೊಂದನ್ನ ತೆಗೆದುಬಿಡ್ತೀನಿ ಅಕ್ಕ. ಅಂಬಿಗನ ಗೋರಿ, ಅಗೆಯುವಂತಿಲ್ಲ ಅಂತಾನೇ ಹಾಕ್ತೀನಿ. ಮೊದಲ ಪುಟದಲ್ಲಿ ನಿಮ್ಮ ಹೆಸರೂ ಬರುತ್ತೆ. ಆಯ್ತಾ?"

"ಮಿಕ್ಕಿದ್ದು?"

"ಮಿಕ್ಕಿದ್ದನ್ನ ಯಾರು ಕೇಳ್ತಾರೆ? ಅರ್ಧ ಜನ ಮರೆತೇ ಬಿಟ್ಟಿರ್ತಾರೆ. ಯಾರಾದ್ರೂ ಬಂದ್ರೆ ಆಗ ನೋಡೋಣ."

ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ನಾಲ್ಕಕ್ಕೆ ಗೇಟಿನ ಹತ್ತಿರ ಒಬ್ಬಳು ಕಾಯುತ್ತಿರುತ್ತಾಳೆ. ಅವಳು ಕೇಳಿದ್ದು ಇದನ್ನೇ, ಇದಕ್ಕಿಂತ ಹೆಚ್ಚಲ್ಲ. ಹೂಂ ಎಂದರೆ ಸಾಕಿತ್ತು. ಅಕ್ಕ ಖಾನೆಯೊಳಗೆ ಕೈಯಿಟ್ಟು ಕಾರ್ಡುಗಳ ಮೇಲಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಹಾಸ್ಟೆಲಿನ ಹುಡುಗಿಯರ ಕಾರ್ಡು ಎಲ್ಲಕ್ಕಿಂತ ಮುಂದಿತ್ತು, ಅಂಚು ಹಳದಿಯಾಗಿತ್ತು. ಒಂದನ್ನು ಗೋರಿ ಎಂದು ಅಚ್ಚು ಹಾಕಿದ ದಿನ, ಉಳಿದ ನಾನೂರ ಹದಿನಾರು ನಿಜವಾಗಿಯೂ ನಿಧಿಯಾಗುತ್ತವೆ. ಅದಕ್ಕೆ ಸಾಕ್ಷಿಯಾಗಿ ಮೊದಲ ಪುಟದಲ್ಲಿ ಅವರ ಹೆಸರಿರುತ್ತದೆ.

ಅವರು ಅಂಬಿಗನ ಕಾರ್ಡನ್ನು ಅವಳ ಕೈಯಿಂದ ವಾಪಸು ತೆಗೆದುಕೊಂಡು, ಅದರ ಜಾಗ ಹುಡುಕಿ ಸೇರಿಸಿದರು. ಟವೆಲಿನ ಗಂಟು ಹಾಕಿದರು. ಕೊಟ್ಟ ಎರಡು ಪ್ರತಿಗಳನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದರು.

"ಬೇಡ ಮೇಡಂ" ಎಂದರು.